ಕಾಣದ ಕೀಗೆ ಕೂರಿಸಿದ ಬೀಗ

ಅಂಗಡಿಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮಾ? ಹಡಗಿನ ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡಿದ್ದೆಯಲ್ಲ, ಬೊಬ್ಬೆ ಮಾಯಿತೇ? ನಾನು ಚೆನ್ನಾಗಿದ್ದೇನೆ, ಹೊತ್ತು ಹೊತ್ತಿಗೆ ಉಣ್ಣುತ್ತೇನೆ. ಫೋನಿನಲ್ಲಿ ಇಷ್ಟೆಲ್ಲ ಹೇಳಿ ಮುಗಿಸಲಾಗದು, ಅದಕ್ಕೇ ಮುಂದಿನ ಬಂದರಿಗೆ ಈ ಕಾಗದ.

ಅಮ್ಮ ಅಂಧ ಮಕ್ಕಳ ಶಾಲೆಗೆಂದು ಓದಿ ರೆಕಾರ್ಡ್ ಮಾಡಿದ ಕಥೆಗಳೆಲ್ಲ ಮನೆಯ ಕಂಪ್ಯೂಟರಿನಲ್ಲೇ ಇವೆ. ಅವಳ ಕೊನೆಗಾಲಕ್ಕೆ ಬಂದು ಮುಟ್ಟಲಾಗದ ನೀನು, "ದನಿನಾದ್ರೂ ಕೇಳ್ಬೇಕಪ್ಪಾ, ಆದ್ರೆ ಅದನ್ನ ಕಂಡೋರ ಕಂಪ್ಯೂಟರಲ್ಲಿ ಇಡ್ಬೇಡ" ಎಂದಿದ್ದೆ. ಆ ಕೆಲಸ ಆಯಿತು. ಎದುರಂಗಡಿಯ ಕಂಪ್ಯೂಟರ್ ರಿಪೇರಿಯವಳು ಸಾಬೂನಿನ ಡಬ್ಬಿಯಷ್ಟು ಪೆಟ್ಟಿಗೆಯೊಂದನ್ನು ತಂದಿಟ್ಟಳು. ಅದೇ ಸರ್ವರ್ ಅಂತೆ, ಇಂಟರ್ನೆಟ್ಟಿನಿಂದ ನಮ್ಮ ಮನೆಯ ಕಂಪ್ಯೂಟರಿಗೆ ಬರುವ ಬಾಗಿಲು. ನಿನ್ನ ಫೋನಿನ ಮೆಮೊರಿಯ ಕಾಲು ಪಾಲೂ ಅದಕ್ಕಿಲ್ಲ. ಬೇಡದ ಪ್ರೋಗ್ರಾಂಗಳನ್ನೆಲ್ಲ ಕಿತ್ತುಹಾಕಿ, ಬಾಗಿಲು ಕಾಯುವ ಒಂದೇ ಕೆಲಸ ಉಳಿಸಿದ್ದಾಳೆ. ಗುರುತಿಲ್ಲದವರು ತಟ್ಟಿದರೆ ಅದು ಉಸಿರೇ ಎತ್ತುವುದಿಲ್ಲ. ಇಲ್ಲೊಂದು ಮನೆಯಿದೆ ಎಂದೂ ಅವರಿಗೆ ತಿಳಿಯದು.

ಆ ಬಾಗಿಲಿನಿಂದ ಒಳಬರಲು ಬೇಕಾದ ಗುಟ್ಟಿನ ಅಕ್ಷರಸಾಲಿಗೂ ಕೀ ಎಂದೇ ಹೆಸರಂತೆ. ನಾನು ಬೀಗದ ಕಸುಬಿನ ಚಾಳಿಯಲ್ಲಿ "ನಿನ್ನ ಕೀ ಕಳಿಸು" ಎಂದು ಕೇಳಿದ್ದು, ನೀನು ಮೆಸೇಜಿನಲ್ಲಿ ಹಾಕಿಯೇಬಿಟ್ಟದ್ದು ಗೊತ್ತಾಗಿ ಅವಳು ತಲೆ ಚಚ್ಚಿಕೊಂಡಳು. "ಬೀಗದಣ್ಣಾ, ಕೀ ಅವಳ ಹತ್ರಾನೇ ಇರ್ಬೇಕು! ಅಪ್ಪ ಮಗಳು ಸೇರ್ಕೊಂಡು ಅದನ್ನ ಬೀದೀಲಿ ಮೆರವಣಿಗೆ ಮಾಡಿಸಿದ್ರಲ್ಲ!" ಅದಕ್ಕೇ ನಿನ್ನಿಂದ ಹೊಸದು ಮಾಡಿಸಿದ್ದು. ಜೀವಮಾನವೆಲ್ಲ ಬೀಗ ಬಿಚ್ಚಿದವನು ನಾನು, ಕೀಯ ಹಲ್ಲು ಸವರಿ ನೋಡದೆ ಒಂದು ಬೀಗವನ್ನೂ ಕೂರಿಸಿದವನಲ್ಲ. ಈ ಕೀ ನಡುಸಮುದ್ರದಲ್ಲಿ ನಿನ್ನ ಲ್ಯಾಪ್‌ಟಾಪಿನೊಳಗೇ ಹುಟ್ಟಿತು, ಅಲ್ಲೇ ಉಳಿಯಿತು. ನನಗೆ ಬಂದದ್ದು ಅದಕ್ಕೆ ಒಪ್ಪುವ ಬೀಗ ಮಾತ್ರ, ಒಂದು ಸಾಲು ಅಕ್ಷರ. ಅದನ್ನು ಎಷ್ಟು ದಿಟ್ಟಿಸಿದರೂ ನಕಲಿ ಕೀ ಮಾಡಲು ಯಾರಿಗೂ ಬರದು, ನನಗೂ ಬರದು! ಮೊನ್ನೆ ಪರೀಕ್ಷೆಗೆಂದು ನೀನು ಒಳಬಂದಾಗ ಪೆಟ್ಟಿಗೆಯ ಹಸಿರು ದೀಪ ಪಟಪಟನೆ ಮಿಣುಕಿತು. ಸಮುದ್ರದಾಚೆಯಿಂದ ಮಗಳು ಮನೆಯೊಳಗೆ ಕಾಲಿಟ್ಟಳು, ಕದ ಕಿರ್ ಎನ್ನಲಿಲ್ಲ. ನಾನು ಎದ್ದು ನಿಂತುಬಿಟ್ಟೆ ಪುಟ್ಟೀ.

ಕಥೆಗಳ ಫೋಲ್ಡರನ್ನು ಇಂದು ನಿನಗೆ ತೆರೆದಿಟ್ಟಿದ್ದೇನೆ. ಅಲೆಗಳು ನಿನ್ನನ್ನು ಮೆಲ್ಲಗೆ ತೂಗಲಿ. ಜೊತೆಯವರಿಗೆಲ್ಲ ನನ್ನ ನಮಸ್ಕಾರ ಹೇಳು.

ನಿನ್ನ ಅಪ್ಪ

ಮತ್ತೊಂದು ಮಾತು: ಕೊನೆಯ ರೆಕಾರ್ಡು ಕಥೆಯಲ್ಲ. ಸರಿಯಿದೆಯೇ ನೋಡೋಣವೆಂದು ಹಾಕಿದೆ. "ಪುಟ್ಟೀ, ನಿಮ್ಮಪ್ಪ ಅಂಗಡಿಗೆ ಹೋಗಿದ್ದಾರೆ, ಅದಕ್ಕೇ ಈಗ ಹೇಳ್ತಿದೀನಿ" ಅಂದಳು ನಿನ್ನಮ್ಮ. ಅಲ್ಲಿಗೇ ನಿಲ್ಲಿಸಿದೆ. ರಿಪೇರಿಯವಳಿಗೆ ಹೇಳಿ, ಅದೊಂದನ್ನು ನಿನ್ನ ಕೀಗೆ ಮಾತ್ರ ತೆರೆಯುವಂತೆ ಮಾಡಿಸಿದ್ದೇನೆ. ಇನ್ನು ನಾನೇ ಬಯಸಿದರೂ ಅದು ತೆರೆಯದು. ಏನಂದಳೆಂದು ನನಗೆ ಹೇಳಬೇಡ; ಕೇಳಿಸಿಕೊಂಡೆ ಎಂದಷ್ಟೇ ತಿಳಿಸು.