ಪೂಜೆಗಿಟ್ಟ ನೋಟ್‌ಬುಕ್

ಶಿರಾಳಕೊಪ್ಪ
26-10-2025

ಪ್ರೀತಿಯ ಅಫ್ಸರ್,

ಸಲಾಮು ಕಣೆ. ಸೊರಬದಲ್ಲಿ ನೀನು, ನಿನ್ನ ಮಂಡಿನೋವು ಇಬ್ಬರೂ ಹೇಗಿದ್ದೀರಿ? ನೀನು ಮೂರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಬೈದುಕೋ, ಪರವಾಗಿಲ್ಲ. ಬಾಯಲ್ಲಿ ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ.

ಸಬ್ರೀನಳ ನೋಟ್‌ಬುಕ್ಕಿಗೆ ಬೂಷ್ಟು ಹಿಡಿದಿದೆ.

ನಿನ್ನ ಮಗಳು ಸಬ್ರೀನ ತೀರಿಕೊಂಡ ವರ್ಷ ನೀನೇ ತಂದು ನನ್ನ ಕೈಗಿಟ್ಟೆ. "ನಮ್ಮನೆ ಗೋಡೆ ಮಳೆಗಾಲ ಪೂರ್ತಿ ಬೆವರ್ತವೆ ಜಗದಾ, ನಿನ್ನತ್ರ ಇದ್ರೆ ಹಾಳಾಗಲ್ಲ" ಅಂದಿದ್ದೆ. ಮೂವತ್ತು ವರ್ಷ ಗ್ರಂಥಾಲಯ ನೋಡಿಕೊಂಡವಳಲ್ಲವೇ ನಾನು! ಆರು ವರ್ಷ ಒಂದು ಚುಕ್ಕೆ ಬೀಳದ ಹಾಗೆ ಕಾಪಾಡಿದೆ. ನೀನು ತಿಂಗಳಿಗೊಮ್ಮೆ ಬಸ್ಸಿಳಿದು ಬರುತ್ತಿದ್ದೆ, ಅವಳ ಅಕ್ಷರದ ಮೇಲೆ ಬೆರಳಾಡಿಸುತ್ತಿದ್ದೆ, ಚಹಾ ಕುಡಿದು ಹೋಗುತ್ತಿದ್ದೆ.

ನವರಾತ್ರಿಯಲ್ಲಿ ಬಂದವಳು, "ಮನೆ ರಿಪೇರಿ ಆಯ್ತು, ಈಗ ತೇವ ಇಲ್ಲ. ಪುಸ್ತಕ ಕೊಡೆ" ಅಂದೆ. ನಾನು, "ಸರಸ್ವತಿ ಪೂಜೆಗೆ ಇಟ್ಟಿದೀನಿ, ವಿಜಯದಶಮಿ ತನಕ ಮುಟ್ಟಂಗಿಲ್ಲ" ಎಂದೆ. "ಇರ್ಲಿ ಬಿಡೆ, ಅವಳಿಗೂ ನಿಮ್ಮನೆ ಹಬ್ಬ ಅಂದ್ರೆ ಪ್ರಾಣ" ಎನ್ನುತ್ತ ಬರಿಗೈಯಲ್ಲಿ ಹೋದೆ.

ಪೂಜೆಯ ನೀರು ಚಿಮುಕಿಸಿ, ಹಳೇ ರೇಷ್ಮೆ ಸೀರೆಯ ತುಂಡಿನಲ್ಲಿ ಬಿಗಿಯಾಗಿ ಗಂಟು ಕಟ್ಟಿದ್ದೆ. ದೀಪಾವಳಿಗೆ ಬಿಚ್ಚಿ ನೋಡಿದರೆ ಹಾಳೆಗಳೆಲ್ಲ ಹಸಿರು! ಗಾಬರಿಯಲ್ಲಿ ಸೆರಗನ್ನು ಒದ್ದೆ ಮಾಡಿ ಒರೆಸಿಬಿಟ್ಟೆ. ಒರೆಸಬೇಡಿ, ನೆರಳಲ್ಲಿ ಒಣಗಿಸಿ, ಆಮೇಲೆ ಮೆತ್ತನೆ ಬ್ರಷ್ಷಿನಿಂದ ಕೊಡವಿ ಎಂದು ಊರಿಗೆಲ್ಲ ಹೇಳಿದವಳು ನಾನು. ಮೊದಲ ಪುಟದಲ್ಲಿ 'ಅಮ್ಮಿಗೆ' ಎಂದು ಬರೆದಿದ್ದಳಲ್ಲ, ಆ ಇಂಕು ಸೆರಗಿಗೆ ಬಂತು. ಉಳಿದ ಹಾಳೆಗಳ ನಡುವೆ ಬಿಳಿ ಕಾಗದವಿಟ್ಟು ಫ್ಯಾನಿನ ಕೆಳಗೆ ಒಣಗಿಸಿದ್ದೇನೆ. ಇಪ್ಪತ್ತು ಪುಟ ಮಾತ್ರ ಓದಬಹುದು. ಇಂಕು ಹತ್ತಿದ ಆ ಸೀರೆಯನ್ನು ಇನ್ನೂ ಒಗೆದಿಲ್ಲ.

ಆ ಅಲ್ಲಾಹು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಜಗದಾಂಬ

ತಾ.ಕ.: ನೀನು ಕೇಳಿದಾಗ ನೋಟ್‌ಬುಕ್ ಕಪಾಟಿನಲ್ಲೇ ಇತ್ತು. ನೀನು ಬಸ್ಸು ಹತ್ತಿದ ಮೇಲೆ ಪೂಜೆಗಿಟ್ಟೆ. ವಿಜಯದಶಮಿ ಕಳೆದು ಹದಿನೆಂಟು ದಿನವಾದರೂ ಗಂಟು ಬಿಚ್ಚಲಿಲ್ಲ. ಮರೆತೆ ಎಂದು ಬರೆಯಬಹುದಿತ್ತು, ಮರೆತಿರಲಿಲ್ಲ ಕಣೆ. ಬಿಚ್ಚಿದರೆ ನೀನು ಒಯ್ಯುತ್ತಿದ್ದೆ, ಆಮೇಲೆ ಈ ಮನೆಗೆ ಯಾತಕ್ಕೆ ಬರುತ್ತೀ? ನನ್ನ ಬಾಗಿಲು ತಟ್ಟುವವಳು ನೀನೊಬ್ಬಳೇ. ನೋಟ್‌ಬುಕ್ಕನ್ನು ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ಇನ್ನು ನೀನು ಬಂದರೆ ನನಗಾಗಿಯೇ ಬರಬೇಕು.