ಮುಚ್ಚಳದ ಮೇಲಿನ ತಟ್ಟೆ

ಪ್ರೀತಿಯ ಮೊಂಡ,

ನೀನು ಹೋಗಿ ಇವತ್ತಿಗೆ ಮೂವತ್ತೆರಡು ದಿನ. ದಿನಚರಿಯಲ್ಲಿ ಬರೆಯಬೇಕಾದ್ದನ್ನು ಇವತ್ತು ನಿನಗೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ನಗಬೇಡ.

ಅಮ್ಮ ಹೋಗುವ ಮುಂಚೆ ಆಸ್ಪತ್ರೆಯ ಮಂಚದಿಂದ ಆಡಿದ ಮಾತಿನ ಹದಿನೇಳು ರೆಕಾರ್ಡಿಂಗ್ ತುಣುಕುಗಳು ನಿನ್ನ ಹಳೆಯ ಲ್ಯಾಪ್‌ಟಾಪಿನಲ್ಲಿದ್ದವು. ಹೊಸದನ್ನು ಹಾಕಿ ನೋಡಲು ಪರೀಕ್ಷೆಯ ಭಾಗ, ನಮ್ಮದೆಲ್ಲ ಇಡಲು ಮನೆ ಭಾಗ ಎಂದು ಅದರೊಳಗೆ ನೀನು ಹಂಚಿಟ್ಟಿದ್ದೆ. ಒಂದು ಮಧ್ಯಾಹ್ನ ಅಷ್ಟೂ ಇಲ್ಲವಾದವು. "ನಾನು ಅಳಿಸಿಲ್ಲ ಕಣಕ್ಕಾ. ನಾನು ಆರಿಸಿದ್ದು ಪರೀಕ್ಷೆಯ ಭಾಗನೇ, ಅದು ಮನೆ ಭಾಗಕ್ಕೆ ಕೈ ಹಾಕ್ತು" ಎಂದು ನೀನು ಹೇಳಿದೆ. "ಯಂತ್ರದ ಮೇಲೆ ಗೂಬೆ ಕೂರಿಸ್ಬೇಡ" ಎಂದು ನಾನು ಹೇಳಿದೆ. ಆಮೇಲೆ ಹನ್ನೊಂದು ದಿನ ನಿನ್ನೊಡನೆ ಮಾತು ಬಿಟ್ಟೆ. ಹನ್ನೆರಡನೆಯ ದಿನ ಬಸ್ಸಿನಲ್ಲಿ ಎದೆ ಹಿಡಿದುಕೊಂಡು ಕೂತವನು ನೀನು ಏಳಲಿಲ್ಲ.

ನಿನ್ನ ಆ ಹುಚ್ಚು ನನಗೆ ಅರ್ಥವಾಗಿದ್ದು ಒಂದೇ ಸಲ. ಎಲ್ಲೆಲ್ಲಿಯವರೋ ಸೇರಿ ಬರೆದು ಪುಕ್ಕಟೆಯಾಗಿ ಹಂಚುವ ಆಪರೇಟಿಂಗ್ ಸಿಸ್ಟಂ, ಅದು ಬಿಡುಗಡೆಯಾಗುವ ಮುಂಚೆ ನೀನು ಹಾಕಿ ನೋಡುವುದು. "ನೀನು ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡ್ತೀಯಲ್ಲ, ಹಾಗೇ. ಎಲ್ಲಿ ಹಿಡಿಯುತ್ತೆ ಅಂತ ಯಾರಾದ್ರೂ ತೊಟ್ಟು ಹೇಳ್ಬೇಕು." ನನ್ನಂಥ ದರ್ಜಿಗೆ ಇದಕ್ಕಿಂತ ಚೆನ್ನಾಗಿ ಹೇಳಲಾಗದು. ಆದರೆ ಅಮ್ಮನ ಧ್ವನಿಗೆ ಇನ್ನೊಂದು ಪ್ರತಿ ಇಡದೆ "ನಾಳೆ ಮಾಡ್ತೀನಿ" ಎನ್ನುತ್ತಿದ್ದವನೂ ನೀನೇ. ಅದನ್ನೂ ಬರೆದಿಡುತ್ತೇನೆ.

ಬೆಳಿಗ್ಗೆ ಆ ಸಿಸ್ಟಂ ಬರೆಯುವವರಿಂದ ನಿನ್ನ ಹೆಸರಿಗೆ ಬಂದ ಮಿಂಚೋಲೆಯನ್ನು ಪಕ್ಕದ ಮನೆಯ ಟೀಚರ್ ಓದಿ ಹೇಳಿದರು. ಮನೆ ಭಾಗ ಅಳಿಸಿಹೋಯಿತೆಂದು ನೀನು ಕಳಿಸಿದ್ದ ದೂರನ್ನು ಮೂವರು ಪರೀಕ್ಷಿಸಿದರಂತೆ, ದೋಷ ಕಾಣಲಿಲ್ಲವಂತೆ. ಸಂಜೆ ಐದರೊಳಗೆ ಅದನ್ನು ಯಾರೂ ಮತ್ತೆ ಮಾಡಿ ತೋರಿಸದಿದ್ದರೆ ದೂರು ಮುಚ್ಚಿ, ನಾಳೆ ಎಲ್ಲರಿಗೂ ಬಿಡುಗಡೆ. "ಬಿಡಮ್ಮ, ಅಂಥಾ ಘಟಾನುಘಟಿಗಳಿಗೇ ಸಿಗಲಿಲ್ಲ. ನಿಮಗೆ ಸೂಜಿ ಬಿಟ್ರೆ ಏನ್ ಗೊತ್ತು?" ಎಂದರು ಟೀಚರ್. ಹಾಗೆಂದವರೇ ಕುರ್ಚಿ ಎಳೆದುಕೊಂಡು ಕೂತರು.

ನಿನ್ನ ನೋಟುಬುಕ್ಕಿನಲ್ಲಿ ಆ ಮಧ್ಯಾಹ್ನ ಸಿಸ್ಟಂ ಹಾಕಿದ ಏಳು ಹೆಜ್ಜೆಗಳಿದ್ದವು. ಮನೆ ಭಾಗದಲ್ಲಿ ಏನಾದರೂ ಒಂದು ಬರೆದಿಡಿ, ಹೋಗುತ್ತದೋ ಉಳಿಯುತ್ತದೋ ನೋಡೋಣ ಎಂದರು ಟೀಚರ್. ಬಾಯಿಗೆ ಬಂದಿದ್ದನ್ನೇ ಟೈಪ್ ಮಾಡಿ ಇಟ್ಟೆ: 'ನೀನೇ ಅಳಿಸಿದೆ.'

ಏಳೂ ಹೆಜ್ಜೆ ಮುಗಿದವು. ಆ ಸಾಲು ಅಲ್ಲೇ ಇತ್ತು. ಎರಡನೆಯ ಸಲವೂ ಇತ್ತು. ಗಂಟೆ ಮೂರೂಮುಕ್ಕಾಲು. ನೀನು ಸುಳ್ಳು ಹೇಳಿದೆಯೆಂದು ನನ್ನ ಕೈಯಾರೆ ಸಾಬೀತು ಮಾಡುತ್ತಿದ್ದೇನೆ ಅನ್ನಿಸಿತು. ಇಲ್ಲಿಗೇ ನಿಲ್ಲಿಸಿದರೆ ಅನುಮಾನವಾದರೂ ಉಳಿಯುತ್ತದೆ ಎಂದುಕೊಂಡೆ.

ಟೀಚರ್ ತಟ್ಟೆಯಲ್ಲಿ ಬ್ರೆಡ್ಡು ತಂದರು. ಮೇಜಿನ ತುಂಬ ಹೊಲಿಯಬೇಕಾದ ಬಟ್ಟೆ. "ಎಲ್ಲಿಡ್ಲಿ ಇದನ್ನ? ನನ್ನ ತಲೆ ಮೇಲಾ?" ಎಂದರು.

ನಾನು ಲ್ಯಾಪ್‌ಟಾಪಿನ ಬೆನ್ನು ನೋಡಿದೆ. ಅಲ್ಲಿ ತಟ್ಟೆಯ ಅಡಿ ಉಜ್ಜಿದ ದುಂಡನೆಯ ಗುರುತು. ಊಟಕ್ಕೆ ಕರೆದರೆ ನೀನು ಎದ್ದು ಬಂದವನೇ ಅಲ್ಲ. ಕೆಲಸ ನಡೆಯುತ್ತಿರುವಾಗಲೇ ಮೊಣಕೈಯಿಂದ ಮುಚ್ಚಳ ಒತ್ತಿ, ಅದರ ಮೇಲೇ ತಟ್ಟೆ ಇಡಿಸಿಕೊಳ್ಳುತ್ತಿದ್ದೆ. "ಅದೇನು ಮಣೆನೇನೋ?" ಎಂದು ಅಮ್ಮ ಬೈಯುತ್ತಿದ್ದಳು. ಆ ಮಧ್ಯಾಹ್ನವೂ ತಟ್ಟೆ ಇಟ್ಟಿದ್ದು ನಾನೇ. ಏಳು ಹೆಜ್ಜೆಗಳಲ್ಲಿ ಅದು ಇರಲಿಲ್ಲ. ಉಸಿರಾಡಿದೆ ಎಂದು ಯಾರು ಬರೆಯುತ್ತಾರೆ?

ಮೂರನೆಯ ಸಲ, ಅರ್ಧ ಕೆಲಸವಾದಾಗ ಮುಚ್ಚಳ ಮುಚ್ಚಿದೆ. ತಟ್ಟೆ ಇಟ್ಟೆ. ಟೀಚರ್ ಗಡಿಯಾರವನ್ನೇ ನೋಡುತ್ತಿದ್ದರು. ನಾಲ್ಕೂಮುಕ್ಕಾಲಿಗೆ ತಟ್ಟೆ ಎತ್ತಿ ಮುಚ್ಚಳ ತೆರೆದೆ. ಕೆಲಸ ಮುಗಿಯಿತೆಂದು ಪರದೆ ಹೇಳಿತು. ಮನೆ ಭಾಗ ತೆರೆದು ನೋಡಿದೆ.

ಖಾಲಿ. 'ನೀನೇ ಅಳಿಸಿದೆ' ಎಂಬ ನನ್ನ ಮಾತು ಅಲ್ಲಿರಲಿಲ್ಲ.

ಟೀಚರ್ ಎಂಟನೆಯ ಹೆಜ್ಜೆ ಬರೆದು ಕಳಿಸಿದರು. ಐದು ದಾಟಿ ಆರು ನಿಮಿಷಕ್ಕೆ ಉತ್ತರ: "ಮುಚ್ಚಳ ಮುಚ್ಚಿದಾಗ ನಮಗೂ ಹಾಗೇ ಆಯಿತು. ಬಿಡುಗಡೆ ನಿಲ್ಲಿಸಿದ್ದೇವೆ." ದೋಷ ಕಂಡವನು ಎಂಬಲ್ಲಿ ನಿನ್ನ ಹೆಸರಿದೆ. ಖಚಿತಪಡಿಸಿದವರು ಎಂಬಲ್ಲಿ ಹೆಸರು ಕೇಳಿದರು. 'ಅಕ್ಕ' ಎಂದು ಬರೆಸಿದೆ.

ಅಮ್ಮನ ಧ್ವನಿ ವಾಪಸ್ಸು ಬರುವುದಿಲ್ಲ. ಆ ಹನ್ನೊಂದು ದಿನಗಳೂ ಬರುವುದಿಲ್ಲ. ಎಲ್ಲೋ ಯಾರದೋ ಮನೆಯಲ್ಲಿ ಯಾರದೋ ತಾಯಿಯ ಮಾತು ಉಳಿಯುತ್ತದೆ, ಅದು ನಿನ್ನಿಂದ.

ನೀನು ಅಳಿಸಿಲ್ಲ ಕಣೋ. ಹೋದಲ್ಲಿ ತಣ್ಣಗಿರು, ಹೊತ್ತಿಗೆ ಸರಿಯಾಗಿ ಎದ್ದು ಬಂದು ಉಣ್ಣು.

ತಡವಾಗಿ ನಂಬಿದ
ನಿನ್ನ ಅಕ್ಕ