ಅರವತ್ತೆರಡು ಮಿಲಿಮೀಟರ್

ಜೂನ್ 24, ಮಂಗಳವಾರ, ಬೆಳಗ್ಗೆ 6.40

ಇಲ್ಲ, ಅಕ್ತರ್ ಭಾಯ್ ಹೇಳಿದ್ದನ್ನು ಒಂದು ದಿನ ಕಳೆದ ಮೇಲೂ ಒಪ್ಪಲು ಆಗುತ್ತಿಲ್ಲ. ಹಳೇ ಟಯರ್ ನೋಡಿ ಹೊಸ ಸೈಕಲ್ ಆರಿಸುವುದು ಯಾವ ಶಾಸ್ತ್ರ?

ರಸೆಲ್ ಮಾರುಕಟ್ಟೆ ಹಿಂದಿನ ಅವರ ಅಂಗಡಿಯಲ್ಲಿ ಅದೊಂದು ಪದ್ಧತಿ. ಯಾರೇ ಹೊಸ ವೀಲ್ ಕೇಳಲಿ, ಈಗಿರುವ ಸೈಕಲ್ಲಿನ ಹಿಂದಿನ ಟಯರ್ ಬಿಚ್ಚಿ ತರಬೇಕು. ತೊಡೆಯ ಮೇಲೆ ಇಟ್ಟುಕೊಂಡು, ಕನ್ನಡಕ ಹಣೆಗೇರಿಸಿ, ಬೆರಳಿನಿಂದ ಒಂದು ಸುತ್ತು ಸವರುತ್ತಾರೆ. ಆಮೇಲೇ ಮಾತು.

"ನಡುವೆ ಸವೆದೇ ಇಲ್ಲ. ಪಕ್ಕದಲ್ಲೆಲ್ಲ ಸೀಳು," ಅಂದರು. "ಬೇಟಿ, ನೀನು ಓಡ್ಸೋದು ಗುಂಡೀಲಿ, ಜಲ್ಲೀಲಿ. ಮೂವತ್ತೆರಡು ಮಿಲಿಮೀಟರ್ ಅಗಲದ ಟಯರ್ ಹಿಡಿಯೋ ಫ್ರೇಮ್ ತಗೋ. ರಿಮ್ಮು ಮೂವತ್ತೈದು ಆಳ ಇದ್ರೆ ಸಾಕು, ಬಸ್."

"ಭಾಯ್, ಅರವತ್ತೆರಡು ಆಳದ ರಿಮ್ಮು ಗಂಟೆಗೆ ನಲವತ್ತೈದು ಕಿಲೋಮೀಟರಲ್ಲಿ ಎಷ್ಟು ವಾಟ್ ಶಕ್ತಿ ಉಳ್ಸುತ್ತೆ ಗೊತ್ತಾ?"

"ನಲವತ್ತೈದರಲ್ಲಿ ಯಾರು ಹೋಗೋದು? ನೀನಾ?"

ಹಲಸೂರಿನಿಂದ ಕೆ.ಆರ್. ಪುರಂನ ಡೆಂಟಲ್ ಲ್ಯಾಬ್‌ಗೆ ದಿನಾ ನನ್ನ ಆವರೇಜ್ ಹತ್ತೊಂಬತ್ತು. ಭಾನುವಾರ ಹೊಸಕೋಟೆ ಕಡೆ ಹೋದರೆ ಇಪ್ಪತ್ತೈದು. ಆದರೆ ಈಗಿರುವುದು ಹಳೇ ಹೈಬ್ರಿಡ್. ಅದರಲ್ಲಿ ಆಗುವುದೇ ಅಷ್ಟು.

ಈಗಷ್ಟೇ ಕಾಫಿ ಹೊತ್ತಿಗೆ ಅಜ್ಜಿ ಮೊಬೈಲಿಗೆ ಬಗ್ಗಿ ನೋಡಿದಳು. ಪರದೆಯಲ್ಲಿ 62 ಮಿಲಿಮೀಟರ್ ಆಳದ ರಿಮ್ಮಿನ ಫೋಟೊ.

"ಇದೇನೇ ಮಿತ್ರಾ, ಚಕ್ರದ ಸುತ್ತ ಗೋಡೆ ಕಟ್ಟವ್ರೆ."

"ಅದು ಗಾಳಿ ಸೀಳುತ್ತೆ ಅಜ್ಜಿ. ಗೋಡೆ ಎತ್ರ ಆದಷ್ಟೂ ಸ್ಪೀಡು."

"ಎಂಟು ತಿಂಗ್ಳಾಯ್ತು ನೀನು ನೋಡಕ್ಕಿಡಿದು. ನಮ್ಮನೇಲಿ ಮದ್ವೆಗೇ ಜಾತಕ ನೋಡಲ್ಲ. ನೀನು ಸೈಕಲ್‌ಗೆ ನೋಡ್ತಿದೀಯ."


ಜೂನ್ 26, ಗುರುವಾರ

ಮೊಬೈಲಿನ ಸೈಕಲ್ ಗ್ರೂಪ್‌ನಲ್ಲಿ ಇವತ್ತು ಮೂವರಿಗೆ ಉತ್ತರ ಕೊಟ್ಟೆ. ಒಬ್ಬರಿಗೆ ಟಯರ್ ಪ್ರೆಶರ್, ಇಬ್ಬರಿಗೆ ವೀಲ್.

ಗ್ರೂಪ್‌ನಲ್ಲಿ 340 ಜನ. ಅಲ್ಲಿ ನನ್ನ ಹೆಸರು ಏರೋ ಮಿತ್ರ. ಅಡ್ಮಿನ್ ಮಧುಕರ್ — ಕಲ್ಯಾಣ ನಗರದವರು, ನಮ್ಮ ಕಡೆಯ ರೇಸ್ ನಡೆಸುವವರೂ ಅವರೇ — ಮಾರ್ಚ್‌ನಲ್ಲಿ ನನ್ನ ಒಂದು ಉತ್ತರವನ್ನು ಮೇಲೆ ಪಿನ್ ಮಾಡಿದರು. ಇನ್ನೂ ಅಲ್ಲೇ ಇದೆ.

"ಹಗುರ ಇದೀನಿ, ಆಳದ ರಿಮ್ ಹಾಕಿದ್ರೆ ಗಾಳಿ ಎತ್ತಾಕುತ್ತೆ ಅನ್ನೋದು ಹಳೇ ಕಾಲದ ಭಯ. ಈಗಿನ ರಿಮ್ ಶೇಪೇ ಬೇರೆ. ರೋಡು, ರೇಸು, ಆಫೀಸು, ಎಲ್ಲಕ್ಕೂ ಒಂದೇ ಸೆಟ್ ಬೇಕಾ? 62. ಕಣ್ಮುಚ್ಕೊಂಡು ತಗೊಳ್ಳಿ."

ಚೆನ್ನಾಗಿ ಬರೆದಿದ್ದೇನೆ. ಎರಡು ವಿಡಿಯೊ, ಒಂದು ಚಾರ್ಟು, ಹೊರದೇಶದ ಒಂದು ಥ್ರೆಡ್‌ನ ಒಂಬೈನೂರು ಕಾಮೆಂಟು ಓದಿ ಬರೆದದ್ದು.

ಆಳದ ರಿಮ್ ನಾನಿನ್ನೂ ಓಡಿಸಿಲ್ಲ. ಅದನ್ನು ಯಾರೂ ಕೇಳಿಲ್ಲ.


ಜೂನ್ 28, ಶನಿವಾರ

ಲ್ಯಾಬ್ ಅರ್ಧ ದಿನ. ಹೊರಗೆ ದತ್ತು ಕಾಯುತ್ತಿದ್ದ.

ದತ್ತು ಯಾದಗಿರಿ ಕಡೆಯವನು. ಇಪ್ಪತ್ತನಾಲ್ಕು ವರ್ಷ. ಮಾರ್ಬಲ್ ಪಾಲಿಷ್ ಕೆಲಸ, ಕೆ.ಆರ್. ಪುರಂನಲ್ಲಿ ಬಾಡಿಗೆ ರೂಮು. ಸೈಕಲ್ಲು ಮಧುಕರ್ ಕೊಟ್ಟ ಅವರದೇ ಹಳೇ ರೇಸ್ ಫ್ರೇಮು. ಬೆಳಗಿನ ಜಾವ ಎದ್ದು ನಲವತ್ತು ಕಿಲೋಮೀಟರ್ ಹೊಡೆದು ಆಮೇಲೆ ಕೆಲಸಕ್ಕೆ ಹೋಗುತ್ತಾನೆ. ಗ್ರೂಪ್‌ನಲ್ಲಿ ಅವನಷ್ಟು ಜೋರಾಗಿ ಓಡಿಸುವವರು ಮೂರು ಜನ ಇರಬಹುದು.

ಜುಲೈ 13ಕ್ಕೆ ಬೂದಿಗೆರೆ ರಸ್ತೆಯಲ್ಲಿ ಟೈಮ್ ಟ್ರಯಲ್. ಒಬ್ಬೊಬ್ಬರೇ, ಹೋಗಿ ಬರಲು ಇಪ್ಪತ್ತು ಕಿಲೋಮೀಟರ್. ಮೊದಲು ಬಂದವರಿಗೆ ಮಧುಕರ್ ಅವರ ಟೀಮ್‌ನಲ್ಲಿ ಜಾಗ: ಸೈಕಲ್, ಕೋಚ್, ಹೊರಗಿನ ರೇಸ್‌ಗಳಿಗೆ ಕರೆದುಕೊಂಡು ಹೋಗುತ್ತಾರೆ. ಹೋದ ವರ್ಷ ದತ್ತು ಒಂಬತ್ತು ಸೆಕೆಂಡ್‌ನಲ್ಲಿ ಆ ಜಾಗ ಕಳೆದುಕೊಂಡ.

ಸೈಕಲ್ ತಿರುಗಿಸಿ ತೋರಿಸಿದ. ಹಿಂದೆ ಮುಂದೆ 62. ಯಾರದೋ ಸೆಕೆಂಡ್ ಹ್ಯಾಂಡ್, ಆದರೂ ಫಳಫಳ.

"ನೀವ ಬರ್ದಿದ್ದು ನೋಡೇ ತಗೊಂಡೀನ್ರಿ ಅಕ್ಕಾರ. ಬಾಯಿಪಾಠ ಆಗೇತಿ."

"ನಿನ್ ವೇಟ್ ಎಷ್ಟು ದತ್ತು?"

"ಐವತ್ತೊಂದ್ರಿ. ಹಗುರ ಅಂದ್ರ ಅಂಜೂದೇನೂ ಇಲ್ಲಂತ ನೀವ ಬರ್ದೀರಲ್ರಿ."

ಹೌದು, ಬರೆದಿದ್ದೇನೆ.

"ಒಂದ್ ಸಲ ನೀವೂ ಓಡ್ಸಿ ನೋಡ್ರಿ. ಹೆಂಗ್ ಕುಂತೇತಿ ನೀವ ಹೇಳ್ಬೇಕು."

ಗುರುವಾರ ಬೆಳಗ್ಗೆ ಅಂತ ಹೇಳಿ ಬಂದೆ. ಖುಷಿ. ಎಂಟು ತಿಂಗಳಿಂದ ಓದಿದ್ದನ್ನು ಕೊನೆಗೂ ಓಡಿಸಬಹುದು.


ಜುಲೈ 3, ಗುರುವಾರ, ಬೆಳಗ್ಗೆ 7.30

ದತ್ತು ಸೈಕಲ್ಲಿನಲ್ಲಿ ಮೊದಲ ಎರಡು ಕಿಲೋಮೀಟರ್ ಓದಿದ ಹಾಗೇ ಇತ್ತು. ಬುರ್ರ್ ಎನ್ನುವ ಕಾರ್ಬನ್ ರಿಮ್ಮಿನ ಸದ್ದು. ಕಾಲು ನಿಲ್ಲಿಸಿದರೂ ಸೈಕಲ್ ನಿಲ್ಲುತ್ತಿರಲಿಲ್ಲ.

ಕೆ.ಆರ್. ಪುರಂ ತೂಗುಸೇತುವೆ ಹತ್ತಿದೆ. ಕೆಳಗೆ ರೈಲು ಹಳಿ, ಎಡಗಡೆ ಪೂರಾ ಬಯಲು. ಆಷಾಢದ ಗಾಳಿ. ಬಲಗಡೆ ಒಂದು ಬಸ್ ಬಂತು. ಅದು ಪಕ್ಕದಲ್ಲಿರುವಷ್ಟು ಹೊತ್ತು ಏನೂ ಆಗಲಿಲ್ಲ. ದಾಟಿದ ಕೂಡಲೇ ಮುಂದಿನ ಚಕ್ರವನ್ನು ಯಾರೋ ಕೈಯಿಂದ ತಳ್ಳಿದ ಹಾಗಾಯಿತು. ಒಂದು ಲೇನ್ ಬಲಕ್ಕೆ ಹೋಗಿದ್ದೆ. ಹಿಂದೆ ಲಾರಿ. ಹಾರ್ನ್.

ಹ್ಯಾಂಡಲ್ ಬಿಗಿಯಾಗಿ ಹಿಡಿದೆ. ಹಿಡಿದಷ್ಟೂ ಹೆಚ್ಚು ಅಲುಗಾಡಿತು.

ಇಳಿದು ಗೋಡೆಗೆ ಒತ್ತಿಕೊಂಡು ಸೈಕಲ್ ತಳ್ಳಿಕೊಂಡು ಬಂದೆ. ಸೇತುವೆ ಮುಗಿಯುವ ಮೊದಲು ಮತ್ತೆ ಹತ್ತಿದೆ. ದತ್ತು ಕೆಳಗೆ ಟೀ ಅಂಗಡಿ ಹತ್ತಿರ ನಿಂತಿದ್ದ. ತಳ್ಳಿಕೊಂಡು ಬರುವುದು ಅವನಿಗೆ ಕಾಣಬಾರದು ಅಂತ.

"ಹೆಂಗದ್ರಿ?"

"ಚೆನ್ನಾಗಿದೆ. ಸ್ವಲ್ಪ ರೂಢಿ ಬೇಕು."

"ನಿಮಗ ಬಿಡ್ರಿ, ಇಂಥಾವು ಎಷ್ಟ್ ಓಡ್ಸೀರೋ ಏನೋ."

ಟೀ ಕುಡಿದೆ.


ಜುಲೈ 4

ನಾನು 58 ಕೆಜಿ. ಅವನು 51.


ಜುಲೈ 8, ಮಂಗಳವಾರ

ಸೈಕಲ್ ಬಂತು. ಬುಕ್ ಮಾಡಿದ್ದು ಶುಕ್ರವಾರ. ಗಾಳಿ ಸೀಳುವ ಏರೋ ಫ್ರೇಮೇ, ಆದರೆ 32ರ ಟಯರ್ ಹಿಡಿಯುವಂಥದ್ದು. ರಿಮ್ 35. ಅಕ್ತರ್ ಭಾಯ್ ಟಯರ್ ಕೂರಿಸಿ, ಗಾಳಿ ಹಾಕಿ, ಕೈ ಒರೆಸಿಕೊಂಡರು. ಅಣಕಿಸುತ್ತಾರೆ ಅಂದುಕೊಂಡಿದ್ದೆ. ಬ್ರೇಕ್ ಬಗ್ಗೆ ಮಾತ್ರ ಹೇಳಿದರು.

ಲ್ಯಾಬ್‌ಗೆ ಅದರಲ್ಲೇ ಹೋದೆ. ಟಿನ್ ಫ್ಯಾಕ್ಟರಿ ಹತ್ತಿರದ ಗುಂಡಿಗಳೆಲ್ಲ ಅರ್ಧ ಆದ ಹಾಗಿತ್ತು. ಆವರೇಜ್ ಇಪ್ಪತ್ತೊಂದು.

ಗ್ರೂಪ್‌ನಲ್ಲಿ ಒಬ್ಬ ಕೇಳಿದ್ದಾನೆ: "ಮಿತ್ರ, ನೀವ್ ಕೊನೆಗೆ ಯಾವ ವೀಲ್ ತಗೊಂಡ್ರಿ? 62 ತಾನೇ?" ಕೆಳಗೆ ಹನ್ನೊಂದು ಜನ ಹೆಬ್ಬೆರಳು ಒತ್ತಿದ್ದಾರೆ.

ನೋಡಿದೆ. ಮೊಬೈಲ್ ಮಗುಚಿಟ್ಟೆ.


ಜುಲೈ 10, ಗುರುವಾರ

ಕೆಲಸ ಮುಗಿಸಿ ದತ್ತು ರೂಮಿಗೆ ಹೋದೆ. ಊಟಕ್ಕೆ ಕೂತಿದ್ದ. ಊರಿಂದ ಬಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ನನಗೂ ಒಂದು ತಟ್ಟೆ ಇಟ್ಟ. ಸೈಕಲ್ಲು ಗೋಡೆಯ ಮೊಳೆಗೆ ನೇತುಹಾಕಿದ್ದ, ಕೆಳಗೆ ಹಾಸಿಗೆ.

ಹೇಳಿದೆ. ಬೂದಿಗೆರೆ ರಸ್ತೆ ತೆಂಕು ಬಡಗು, ಗಾಳಿ ಪಡುವಣದಿಂದ. ಇಪ್ಪತ್ತು ಕಿಲೋಮೀಟರೂ ಪಕ್ಕಕ್ಕೇ ಹೊಡೆಯುತ್ತದೆ. ಹಿಂದಿನದು ಇರಲಿ, ಮುಂದಿನ ಚಕ್ರ ಬದಲಾಯಿಸು. ಹ್ಯಾಂಡಲ್ ತಿರುಗಿಸುವುದು ಮುಂದಿನದೇ. ನನ್ನದು ಕೊಡುತ್ತೇನೆ.

ರೊಟ್ಟಿ ಮುರಿಯುತ್ತಾ ಕೇಳಿದ. ಆಮೇಲೆ ನನ್ನ ಉತ್ತರವನ್ನು ಒಂದು ಅಕ್ಷರ ಬಿಡದೆ ಒಪ್ಪಿಸಿದ. ಕಣ್ಮುಚ್ಕೊಂಡು ತಗೊಳ್ಳಿ ಅನ್ನುವವರೆಗೆ.

"ಅದನ್ನ ಬರ್ದವ್ರು ಬ್ಯಾರೆ, ಈಗ ಮಾತಾಡೋರು ಬ್ಯಾರೆ ಅದಾರೇನ್ರಿ?"

"ನಾನೇ ಬರ್ದಿದ್ದು. ತಪ್ಪು ಬರ್ದಿದೀನಿ."

"ಇಲ್ರಿ. ಈಗ ನೀವ ಅಂಜೀರಿ. ಅಂಜಿದಾಗ ಮಂದಿ ಏನೇನರ ಅಂತಾರ. ಬರಿಯೂಮುಂದ ನೀವ ಅಂಜಿದ್ದಿಲ್ಲ. ಅದಕ್ಕ ಅದ ಖರೆ." ನಕ್ಕ. "ಒಂಬತ್ತ್ ಸೆಕೆಂಡ್ ಅಕ್ಕಾರ. ನಿಮ್ಮ ಸಣ್ಣ ಗಾಲಿ ಹಾಕಿದ್ರ ಅವು ಎಲ್ಲಿಂದ ಬರ್ತಾವ?"

ಚಾರ್ಟ್ ಪ್ರಕಾರ ಅವನ ಲೆಕ್ಕ ಸರಿ. ಅವನು ನಲವತ್ತರ ಮೇಲೆ ಓಡಿಸುತ್ತಾನೆ. ನನ್ನ ಹಾಗಲ್ಲ.

ಎಲ್ಲ ಹೇಳಿದೆ. ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಅಲ್ಲೇ ಮುಗಿಯುತ್ತಿತ್ತೇನೋ. ರೊಟ್ಟಿ ತಿಂದು ಎದ್ದು ಬಂದೆ.


ಜುಲೈ 12, ಶನಿವಾರ, ಮಧ್ಯಾಹ್ನ

ಮಧುಕರ್‌ಗೆ ಫೋನ್ ಮಾಡಿದೆ. ಪಿನ್ ತೆಗೆಯಿರಿ ಅಂದೆ.

"ರೇಸ್ ಹಿಂದಿನ ದಿನ ಯಾಕ್ ಗುರು ಇದೆಲ್ಲ? ಅದನ್ನ ನೋಡಿ ಎಷ್ಟೋ ಜನ ವೀಲ್ ತಗೊಂಡಿದಾರೆ. ಈಗ ತೆಗೆದ್ರೆ ನನ್ ಜುಟ್ಟು ಹಿಡ್ಕೋತಾರೆ."

"ತಪ್ಪಿದೆ ಸರ್ ಅದ್ರಲ್ಲಿ."

"ಏನ್ ತಪ್ಪಿದೆ? ನೀನೇ ತಾನೆ ಟೆಸ್ಟ್ ಮಾಡಿ ಬರ್ದಿದ್ದು?"

ಮೊಬೈಲನ್ನು ಕಿವಿಯಿಂದ ದೂರ ಹಿಡಿದೆ.

"ಸಂಘಮಿತ್ರಾ? ಲೈನ್‌ನಲ್ಲಿದೀಯಾ?"

ಸಿಗ್ನಲ್ ಇಲ್ಲ ಅಂತ ಕಟ್ ಮಾಡಿದೆ.

ಗ್ರೂಪ್‌ಗೆ ನಾಲ್ಕು ಸಲ ಟೈಪ್ ಮಾಡಿದೆ. ನಾಲ್ಕೂ ಸಲ ಅಳಿಸಿದೆ. ನಾಳೆ ಗಾಳಿ ಗಂಟೆಗೆ 34 ಕಿಲೋಮೀಟರ್ ಅಂತ ಮೊಬೈಲ್ ತೋರಿಸುತ್ತಿದೆ. ಮಹಡಿ ಮೇಲೆ ಅಜ್ಜಿ ಒಣಹಾಕಿದ ಸೀರೆ ಪಕ್ಕದ ಮನೆಯ ತೊಟ್ಟಿಯ ಮೇಲಿದೆ.


ಜುಲೈ 13, ಭಾನುವಾರ, ಬೆಳಗ್ಗೆ 6.55, ಬೂದಿಗೆರೆ ಕ್ರಾಸ್

ಬೇಗ ಬೇಗ ಬರೆಯುತ್ತಿದ್ದೇನೆ. ಕೈಯೆಲ್ಲ ಗ್ರೀಸ್.

ಆರೂಕಾಲಿಗೆ ಬಂದೆ. ಬ್ಯಾನರ್ ಒಂದು ಕಡೆ ಹರಿದಿತ್ತು. ಒಬ್ಬೊಬ್ಬರಿಗೆ ಒಂದು ನಿಮಿಷದ ಅಂತರ. ದತ್ತು ನಂಬರ್ 17. ಅವನು ಬಂದ. 62, ಹಿಂದೆ ಮುಂದೆ. ಎಡ ಮೊಣಕೈಗೆ ಕೆಂಪು ಮಣ್ಣು.

"ಬಿದ್ಯಾ?"

"ಇಲ್ರಿ. ಬರೂಮುಂದ ರೋಡ್ ಬಿಟ್ಟು ಕೆಳಗ ಇಳದೆ. ಎರಡ್ ಸಲ."

ನಾನು ನನ್ನ ಸೈಕಲ್ ತಲೆಕೆಳಗೆ ಮಾಡಿ ಮುಂದಿನ ಚಕ್ರ ಬಿಚ್ಚಿದೆ. ಅವನ ಎದುರು ಹಿಡಿದೆ.

"ಬ್ಯಾಡ್ರಿ," ಅಂದ. ಕಣ್ಣು ಚಕ್ರದ ಮೇಲೇ ಇತ್ತು. "ನೀವ ಹೇಳಿದ್ದ ಸುಳ್ಳಾಗೂದಿಲ್ಲ. ನನಗ ರೂಢಿ ಇಲ್ಲ, ಅಷ್ಟ. ನಿಮಗ ರೂಢಿ ಆದಂಗ ನನಗೂ ಆಗ್ತದ."

"ದತ್ತು, ನಂಗ್ ರೂಢಿ ಇಲ್ಲ. ನಾನ್ ಯಾವತ್ತೂ ಓಡ್ಸಿಲ್ಲ."

"ಏನ್ ಓಡ್ಸಿಲ್ರಿ?"

"ಆಳದ ರಿಮ್ಮು. ನಿಂದೇ ಮೊದಲು. ಅವತ್ತು ಬ್ರಿಜ್ ಮೇಲೆ. ಅರ್ಧ ದಾರಿ ತಳ್ಕೊಂಡ್ ಬಂದೆ."

ಹನ್ನೊಂದನೇ ನಂಬರ್ ಹೊರಟಿತು. ಹನ್ನೆರಡು. ದತ್ತು ನನ್ನ ಮುಖ ನೋಡುತ್ತಲೇ ನಿಂತಿದ್ದ.

"ಒಮ್ಮೆರ ಓಡ್ಸಿದ್ದಿಲ್ಲ?"

"ಇಲ್ಲ."

"ಮತ್ತ ಹೆಂಗ್ ಬರದ್ರಿ ಅಷ್ಟ್ ಚೆಂದ?"

ಹದಿಮೂರು ಹೊರಟಿತು. ಅವನು ತನ್ನ ಸೈಕಲ್ಲನ್ನು ಹ್ಯಾಂಡಲ್ ಹಿಡಿದು ಎತ್ತಿದ. ಮುಂದಿನದನ್ನು ಬಿಚ್ಚಿ ನನ್ನದನ್ನು ಹಾಕಿದೆ. ಬ್ರೇಕ್ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಿತ್ತು. ಎರಡು ಬೋಲ್ಟ್ ಸಡಿಲಿಸಿ, ಬ್ರೇಕ್ ಒತ್ತಿಸಿ, ಮತ್ತೆ ಬಿಗಿ ಮಾಡಿದೆ. ಹದಿನಾರು ಹೊರಡುವಾಗ ಮುಗಿಯಿತು.

"ಮೊದ್ಲ ಹೇಳ್ಬೇಕಿತ್ರಿ," ಅಂದ. ಅಕ್ಕಾರ ಅನ್ನಲಿಲ್ಲ. ಹೋದ.

ಮೊದಲ ತಿರುವಿನವರೆಗೆ ನೋಡಿದೆ. ಬಲವಾದ ಒಂದು ಬೀಸು ಬಂತು, ಪಕ್ಕದ ನೀಲಗಿರಿ ಮರಗಳೆಲ್ಲ ಬಾಗಿದವು. ಅವನ ಸೈಕಲ್ ಒಂದು ಗೇಣು ಸರಿದು ಮತ್ತೆ ನೆಟ್ಟಗಾಯಿತು. ಈ ಚಕ್ರದಿಂದ ಅವನಿಗೆ ಒಂಬತ್ತು ಸೆಕೆಂಡ್ ಹೋಗಬಹುದು. ಹೆಚ್ಚೂ ಹೋಗಬಹುದು. ಜಾಗ ತಪ್ಪಿದರೆ ತಪ್ಪಿಸಿದ್ದು ನಾನೇ, ಎರಡೂ ರೀತಿಯಲ್ಲಿ.


7.20

ಅವನಿನ್ನೂ ವಾಪಸ್ ಬಂದಿಲ್ಲ. ಹದಿನೈದು ಬಂದಾಯಿತು, ಹದಿನಾರೂ ಬಂತು. ನನ್ನ ಸೈಕಲ್ಲು ಗೋಡೆಗೆ ಒರಗಿದೆ, ಮುಂದೆ ಚಕ್ರ ಇಲ್ಲ. 62 ನನ್ನ ತೊಡೆಯ ಮೇಲಿದೆ. ಫೋಟೊ ತೆಗೆದೆ. ಈ ಸಲ ಅಳಿಸದೆ ಗ್ರೂಪ್‌ಗೆ ಕಳಿಸಿದ್ದನ್ನು ಇಲ್ಲೂ ಬರೆದಿಡುತ್ತೇನೆ —

"ಏರೋ ಮಿತ್ರ ಬರೀತಿರೋದು. ಈ ಗ್ರೂಪ್‌ನಲ್ಲಿ ವೀಲ್ ಬಗ್ಗೆ ನಾನು ಕೊಟ್ಟಿರೋ ಉತ್ತರ ಈಗ ಕೂತು ಎಣಿಸಿದೆ. 214. ಅದ್ರಲ್ಲಿ ಓಡ್ಸಿ ನೋಡಿ ಹೇಳಿದ್ದು ಸೊನ್ನೆ. ಮೇಲಿರೋ ಪಿನ್ನೂ ಅದೇ ಲೆಕ್ಕಕ್ಕೆ ಸೇರುತ್ತೆ, ತೆಗೀರಿ. ಇನ್ನು ಉಳಿದ 339 ಜನ — ದಿನಾ ಇಲ್ಲಿ ಯಾರ್ಯಾರಿಗೋ ಇದು ತಗೊಳ್ಳಿ, ಅದು ತಗೊಳ್ಳಿ ಅಂತೀರಲ್ಲ, ನಿಮ್ಮ ನಂಬರ್ ಎಷ್ಟು?"